ನೀರಾಫೀಸಿನ ಸ್ಪಷ್ಟೀಕರಣಗಳು

ಕಚ್, ಕಚ್, ಕಚಕ್. ಬೆಳಗಿನ ಹೊತ್ತು ಕೊಟ್ಟೂರಿನ ನೀರಾಫೀಸಿನಲ್ಲಿ ಎಲ್ಲಕ್ಕಿಂತ ಮೊದಲು ಏಳುತ್ತಿದ್ದದ್ದು ಕತ್ತರಿಯ ಈ ಸದ್ದು. ಬಳ್ಳಾರಿ ಬಸ್ಸಿನಿಂದ, ದಾವಣಗೆರೆ ಬಸ್ಸಿನಿಂದ ಇಳಿದ ಪತ್ರಿಕೆಗಳನ್ನು ಮೇಜಿನ ತುಂಬ ಹರಡಿಕೊಂಡು ಗಾದಿಲಿಂಗಪ್ಪ ನಿಂತೇ ಕತ್ತರಿಸುತ್ತಿದ್ದ. ಹಿಂದೆ ಬೆತ್ತದ ಕುರ್ಚಿಯೊಂದಿತ್ತು. ಅದಕ್ಕೆ ಅವನ ಟವೆಲು ಒರಗುತ್ತಿತ್ತೇ ಹೊರತು ಅವನು ಒರಗಿದ್ದನ್ನು ಕಂಡವರಿಲ್ಲ.

“ಒಂದೀಟು ಕುಂದರ್ರಿ ಸರ. ಕುರ್ಚಿ ಮುನಿಸ್ಕೊಂಡೈತಿ,” ಎನ್ನುತ್ತಿದ್ದ ಜವಾನ ಎರ್ರೆಪ್ಪ, ಅಂಟಿನ ಬಟ್ಟಲು ಹಿಡಿದುಕೊಂಡು.

“ನೀನ ಕುಂದ್ರಲೇ. ನೌಕರಿನೂ ನಿನಗ ಕೊಟ್ಟು ಹೊಕ್ಕೀನಿ.”

“ಬ್ಯಾಡ್ರಿಯಪ್ಪ. ನನಗ ಅಷ್ಟು ಚೆಂದಾಗಿ ಸುಳ್ಳು ಬರಿಯಾಕ ಬರಂಗಿಲ್ಲ.”

ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ, ಆ ಕಡೆ ಹಗರಿಬೊಮ್ಮನಹಳ್ಳಿ, ಹಡಗಲಿಯವರೆಗೆ ಹಳ್ಳಿಹಳ್ಳಿಗೂ ಬೋರಿಂಗ್ ಹಾಕಿಸುವ ಕಚೇರಿ ಅದು. ಉದ್ದನೆಯ ಸರ್ಕಾರಿ ಹೆಸರೊಂದು ಫಲಕದ ಮೇಲಿತ್ತು. ಜನ ಅದನ್ನು ನೀರಾಫೀಸು ಎಂದು ಕರೆದು ಮುಗಿಸಿದ್ದರು. ಅಲ್ಲಿ ಗಾದಿಲಿಂಗಪ್ಪ ಪತ್ರಿಕಾ ಅಧಿಕಾರಿ. ಕಚೇರಿಯ ವಿರುದ್ಧ ಯಾವ ಪತ್ರಿಕೆ ಏನು ಬರೆದರೂ ಅದನ್ನು ಕತ್ತರಿಸಿ, ಹಾಳೆಗೆ ಅಂಟಿಸಿ, ಇಂಜಿನಿಯರ್ ಬೆನಕಪ್ಪನವರ ಮುಂದಿಟ್ಟು, ಅವರು ಹೇಳಿದಂತೆ ಪತ್ರಿಕೆಗೆ ಒಂದು ಸ್ಪಷ್ಟೀಕರಣ ಕಳಿಸುವುದು ಅವನ ಕೆಲಸ.

ಅದಕ್ಕೂ ಮೊದಲು, ಎಪ್ಪತ್ತರ ದಶಕವೆಲ್ಲ, ಅವನು ಕೂಡ್ಲಿಗಿಯಲ್ಲಿ ಬಾತ್ಮೀದಾರನಾಗಿದ್ದ. ಅಪ್ಪನ ಗಾಣದಂಗಡಿಯ ಕಟ್ಟೆಯ ಮೇಲೆ ಕುಳಿತು ಬರೆದ ಸುದ್ದಿಯನ್ನು ಲಕೋಟೆಗೆ ಹಾಕಿ, ಮಧ್ಯಾಹ್ನದ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟರೆ ಅದು ಸಂಜೆಗೆ ದೂರದ ಊರಿನ ಪತ್ರಿಕೆ ಮುಟ್ಟುತ್ತಿತ್ತು. ಮೂರನೆಯ ದಿನ ಪುಟದ ಮೂಲೆಯಲ್ಲಿ ಅಚ್ಚಾಗಿ ವಾಪಸು ಬರುತ್ತಿತ್ತು: ‘ನಮ್ಮ ಬಾತ್ಮೀದಾರರಿಂದ’. ಹೆಸರಿರುತ್ತಿರಲಿಲ್ಲ. ಹೆಸರಿಲ್ಲದ್ದಕ್ಕೆ ಅವನಿಗೆ ಬೇಸರವಿರಲಿಲ್ಲ. ಆಸ್ಪತ್ರೆಯಲ್ಲಿ ಔಷಧಿಯಿಲ್ಲವೆಂದು ಬರೆದ, ಔಷಧಿ ಬರಲಿಲ್ಲ. ಶಾಲೆಯ ಗೋಡೆ ಬಾಗಿದೆಯೆಂದು ಬರೆದ. ಅದು ಬಿದ್ದಮೇಲೆ ಬಿದ್ದಿದೆಯೆಂದೂ ಬರೆದ. ಕಲ್ಲೆಸೆದು ಕಿವಿಗೊಟ್ಟು ನಿಂತರೂ ನೀರಿನ ಸದ್ದು ಕೇಳದ ಬಾವಿಯಂತಿತ್ತು ಆ ಕೆಲಸ. ಅವನ ಕಾಲು ನಿಲ್ಲದಾದದ್ದು ಆಗಿನಿಂದಲೇ. ಲಕೋಟೆ ಕೊಟ್ಟು ಮನೆಗೆ ಬಂದವನು ಮತ್ತೆ ಬಸ್ ನಿಲ್ದಾಣಕ್ಕೆ ಹೋಗುತ್ತಿದ್ದ. ಬಸ್ಸು ಹೋಗಿದೆಯೆಂದು ಗೊತ್ತಿದ್ದೂ ಹೋಗುತ್ತಿದ್ದ.

“ನಿಮ್ಮ ಕಾಲಿಗೆ ಯಾರು ಗಾಲಿ ಕಟ್ಯಾರ್ರಿ?” ಎಂದು ಹೆಂಡತಿ ಶಿವಬಸಮ್ಮ ಬೈಯುತ್ತಿದ್ದಳು. “ಊರ ನೀರಿನ ಸುದ್ದಿ ಆಮ್ಯಾಲೆ ಬರೀರಂತ. ನಮ್ಮ ಹಂಡೇವು ತುಂಬ್ಯಾವೇನು ಅಷ್ಟು ನೋಡ್ರಿ.”

ಎಂಬತ್ತರಲ್ಲಿ ನೀರಾಫೀಸು ಶುರುವಾಗಿ, ಬರೆಯಬಲ್ಲವನೊಬ್ಬ ಬೇಕೆಂದಾಗ ಅವನು ಅರ್ಜಿ ಹಾಕಿದ. ಗೆಳೆಯರು, ಸಂಬಳಕ್ಕೆ ಸೋತ ಎಂದರು. ಸಂಬಳವೂ ಬೇಕಿತ್ತು, ನಿಜ. ಆದರೆ ಸುದ್ದಿ ಹೊರಡುವ ಜಾಗ ಮಾತ್ರ ಗೊತ್ತಿದ್ದ ಅವನಿಗೆ, ಅದು ಹೋಗಿ ಬೀಳುವ ಜಾಗವನ್ನು ಒಮ್ಮೆ ಕಣ್ಣಾರೆ ನೋಡಬೇಕಾಗಿತ್ತು. ಹೊರಡುವ ಮುನ್ನ, ಕೊಟ್ಟೂರಿನ ಬಸ್ ನಿಲ್ದಾಣದ ಎದುರು ಸೈಕಲ್ ಅಂಗಡಿ ಇಟ್ಟಿದ್ದ ಪಾಲಣ್ಣನನ್ನು ಸಂಪಾದಕರ ಬಳಿಗೆ ಕರೆದುಕೊಂಡು ಹೋಗಿ, “ಇವನು ಕಣ್ಣಿಲೆ ನೋಡಿದ್ದನ್ನ ಬಿಟ್ಟು ಬರಿಯಂಗಿಲ್ರಿ. ನನ್ನ ಜಾಗ ಇವನಿಗೆ ಕೊಡ್ರಿ,” ಎಂದು ಹೇಳಿ ಬಂದ.

ಪಾಲಣ್ಣನ ಮೊದಲ ಸುದ್ದಿಯೇ ನೀರಾಫೀಸಿನ ಮೇಲಿತ್ತು. ಉಜ್ಜಿನಿಯ ಹತ್ತಿರದ ಹಳ್ಳಿಯೊಂದರಲ್ಲಿ ಬೋರಿಂಗ್ ಕೆಟ್ಟು ತಿಂಗಳುಗಳಾಗಿದ್ದವು. ಅಂಟಿಸಿದ ಹಾಳೆಯನ್ನು ನೋಡಿದ ಬೆನಕಪ್ಪನವರು ಚಿಟಿಕೆ ನಶ್ಯ ಏರಿಸಿ, “ವರದಿ ಆಧಾರರಹಿತ ಅಂತ ಬರೆದು ಕಳಿಸ್ರಿ,” ಎಂದರು. ಅವರು ಹರಪನಹಳ್ಳಿಯವರು, ನಿವೃತ್ತಿಗೆ ಹತ್ತಿರವಾದವರು. ಯಾರ ಮೇಲೂ ಕೂಗಾಡದ, ಯಾವುದಕ್ಕೂ ಅವಸರ ಮಾಡದ ಮನುಷ್ಯ.

“ಬರೀತೀನ್ರಿ. ಆದ್ರ ಆ ಬೋರಿಂಗಿನ್ಯಾಗ ನೀರು ಬರೋದನ್ನ ಒಂದ್ಸಲ ನೋಡಿ ಬರೀತೀನಿ.”

“ನೀರು ಬರಲ್ವಲ್ಲ ಮಾರಾಯ್ರೆ.”

“ಹಂಗಾದ್ರ ಮಿಸ್ತ್ರೀನ್ನ ಕಳಿಸ್ರಿ. ಮೊದಲು ದುರಸ್ತಿ ಆಗ್ಲಿ. ಆಮ್ಯಾಲೆ ಸುದ್ದಿ ಸುಳ್ಳು ಅಂತ ಧೈರ್ಯಾಗಿ ಬರೀತೀನಿ.”

ಬೆನಕಪ್ಪನವರು ಅವನನ್ನೇ ನೋಡಿದರು, ನಕ್ಕರು, ಜೀಪು ಕೊಟ್ಟರು. ಒಳಗಿನ ಚರ್ಮದ ವಾಶರು ಸವೆದಿತ್ತು, ಅಷ್ಟೇ. ಮಿಸ್ತ್ರಿ ಬದಲಿಸಿದ. ಹೆಂಗಸೊಬ್ಬಳು ಹಿಡಿಕೆ ಒತ್ತಿದಳು. ಮೊದಲು ಗಾಳಿ, ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು. ಗಾದಿಲಿಂಗಪ್ಪ ಬೊಗಸೆಯೊಡ್ಡಿ ಕುಡಿದ. ಇಷ್ಟು ವರ್ಷ ಕೇಳದೆ ಹೋಗಿದ್ದ ಸದ್ದು ಕೊಡದ ಬಾಯಲ್ಲಿ ಗುಳುಗುಳು ಎನ್ನುತ್ತಿತ್ತು. ಕಚೇರಿಗೆ ಬಂದು ನಿಂತಲ್ಲೇ ಬರೆದ: ‘ಪ್ರಕಟವಾದ ವರದಿಯು ವಾಸ್ತವಕ್ಕೆ ದೂರವಾಗಿದೆ. ಗ್ರಾಮದ ಕೈಪಂಪು ಸುಸ್ಥಿತಿಯಲ್ಲಿದ್ದು ಗ್ರಾಮಸ್ಥರು ನೀರು ಪಡೆಯುತ್ತಿದ್ದಾರೆ.’ ಬರೆದ ಗಳಿಗೆಯಲ್ಲಿ ಅದರ ಎರಡನೆಯ ವಾಕ್ಯ ಪೂರ್ತಿ ನಿಜವಾಗಿತ್ತು. ಮೊದಲನೆಯದನ್ನು ಅವನು ಎರಡನೆಯ ಸಲ ಓದಲಿಲ್ಲ.

ಅದೇ ರೂಢಿಯಾಯಿತು. ಪಾಲಣ್ಣ ಬರೆಯುವುದು, ಮಿಸ್ತ್ರಿ ಓಡುವುದು, ನೀರು ಬಂದಮೇಲೆ ಗಾದಿಲಿಂಗಪ್ಪ ಅಲ್ಲಗಳೆಯುವುದು. ಮೇಲಿನವರು ಕೇಳಿದಾಗ ತೋರಿಸಲು ಬೆನಕಪ್ಪನವರ ಬಳಿ ಪ್ರತಿ ಸುದ್ದಿಗೂ ಒಂದು ಸ್ಪಷ್ಟೀಕರಣವಿರುತ್ತಿತ್ತು. ಊರವರಿಗೆ ನೀರಿರುತ್ತಿತ್ತು. ಬಸ್ ನಿಲ್ದಾಣದ ಬಳಿ ಮಂಡಕ್ಕಿ ವಗ್ಗರಣಿ, ಮಿರ್ಚಿ ಮಾರುವ ಹಂಪಕ್ಕನ ಅಂಗಡಿಯಲ್ಲಿ ಪತ್ರಿಕೆಯನ್ನು ಗಟ್ಟಿಯಾಗಿ ಓದಿಸುವ ಪದ್ಧತಿಯಿತ್ತು; ಅಲ್ಲಿ ಕೂತವರು ಈ ಸ್ಪಷ್ಟೀಕರಣಗಳನ್ನು ಓದುವ ಕ್ರಮವನ್ನೇ ಕಂಡುಕೊಂಡಿದ್ದರು.

“ನೀರಾಫೀಸಿನೋರು ಸುಳ್ಳು ಅಂದಾರೇನು?” ಎನ್ನುತ್ತಿದ್ದಳು ಹಂಪಕ್ಕ, ಬಾಣಲೆಯಿಂದ ಕಣ್ಣೆತ್ತದೆ. “ಹಂಗಾದ್ರ ಸುದ್ದಿ ಖರೇ ಇತ್ತು. ಈಗ ನೀರೂ ಬಂದೈತಿ. ಮುಂದ ಓದಪ.”

ಒಂದು ದಿನ ತಂಬ್ರಹಳ್ಳಿಯ ಹಿರಿಯರು ನಾಲ್ಕು ಮಂದಿ ತಲೆಗೆ ಪಟಗ ಸುತ್ತಿಕೊಂಡು ಕಚೇರಿಗೇ ಬಂದರು. “ಸಾಹೇಬ್ರ, ಎಲ್ಲಾ ಊರಿಗೆ ಮಾಡೀರಿ. ನಮ್ಮೂರಿಗೂ ಒಂದು ಸ್ಪಷ್ಟೀಕರಣ ಮಾಡಿಸಿ ಕೊಡ್ರಿ.”

ಗಾದಿಲಿಂಗಪ್ಪ ನಗುವನ್ನು ನುಂಗಿಕೊಂಡು ಕಿಟಕಿಯಾಚೆ ಕೈತೋರಿದ. “ಮೊದಲು ಅಲ್ಲಿ ಸೈಕಲ್ ಅಂಗಡಿಗೆ ಹೋಗ್ರಿ. ಅಲ್ಲಿಂದ ಬಂದದ್ದಕ್ಕಷ್ಟ ಇಲ್ಲಿ ಸ್ಪಷ್ಟೀಕರಣ.”

ಅವನೂ ಪಾಲಣ್ಣನೂ ಇದನ್ನು ಕುರಿತು ಒಮ್ಮೆಯೂ ಬಾಯಿಬಿಟ್ಟು ಮಾತಾಡಿರಲಿಲ್ಲ. ಎದುರಾದರೆ ಮಿರ್ಚಿ ಹಂಚಿಕೊಂಡು ತಿನ್ನುತ್ತಿದ್ದರು. ಒಂದೇ ಬಂಡಿಯ ಎರಡು ಗಾಲಿ ತಾವೆಂದು ಇಬ್ಬರಿಗೂ ಅನಿಸಿತ್ತು. ಆದರೆ ಹಂಪಕ್ಕನ ಅಂಗಡಿಯ ಓದು ಹರಪನಹಳ್ಳಿ ದಾಟಿ ಹೋಗಿರಲಿಲ್ಲ. ದೂರದ ಊರಿನ ಸಂಪಾದಕರಿಗೆ ಸ್ಪಷ್ಟೀಕರಣವೆಂದರೆ ಸ್ಪಷ್ಟೀಕರಣವೇ. ಅವರ ಲೆಕ್ಕದಲ್ಲಿ ಕೊಟ್ಟೂರಿನ ಬಾತ್ಮೀದಾರ ಮತ್ತೆ ಮತ್ತೆ ಸುಳ್ಳು ಬರೆದಿದ್ದ, ಸರ್ಕಾರಿ ಕಚೇರಿಯೊಂದು ಮತ್ತೆ ಮತ್ತೆ ಅವನನ್ನು ತಿದ್ದಿತ್ತು.

ಎಂಬತ್ಮೂರರ ಬೇಸಗೆಯಲ್ಲಿ ಪಾಲಣ್ಣ ಸಂಪಾದಕರನ್ನು ಕಂಡು ಬಂದ. ಅಂಗಡಿಯಲ್ಲಿ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ತೂತು ಹುಡುಕುತ್ತಿದ್ದವನು, ಗಾದಿಲಿಂಗಪ್ಪ ಬಂದು ನಿಂತರೂ ತಲೆಯೆತ್ತಲಿಲ್ಲ.

“ಏನಂದ್ರಲೇ?”

“ಮುಂದಿನ ಸ್ಪಷ್ಟೀಕರಣ ಬಂದ ದಿನ ನಿನ್ನ ಕೆಲಸ ಮುಗೀತು ಅಂದ್ರು. ಬ್ಯಾರೆಯೋರನ್ನ ನೋಡ್ಯಾರಂತ.”

“ನೀನು ಖರೇ ಸಂಗತಿ ಹೇಳಲಿಲ್ಲೇನು?”

“ಹೇಳಿದ್ನೆಣ್ಣ. ನಾ ಬರದ ಮ್ಯಾಲೆ ಅವರು ರಿಪೇರಿ ಮಾಡ್ತಾರ್ರಿ ಅಂದೆ. ಹಂಗಾದ್ರ ಆ ಅಧಿಕಾರಿ ಸುಳ್ಳು ಬರೀತಾನೇನಪ ಅಂತ ಕೇಳಿದ್ರು.” ಪಾಲಣ್ಣ ಟ್ಯೂಬನ್ನು ತಿರುಗಿಸಿ ಮತ್ತೆ ಮುಳುಗಿಸಿದ. “ಸುಮ್ಮನಾದೆ. ನಿನ್ನ ಮಾತಿನ ಮ್ಯಾಲೆ ನನಗ ಆ ಜಾಗ ಕೊಟ್ಟೋರು. ನಿನ್ನ ಸುಳ್ಳ ಅಂತ ಹೆಂಗ ಹೇಳ್ಲಿ?”

ಗಾದಿಲಿಂಗಪ್ಪ ಅಂಗಡಿಯ ಮುಂದೆ ಅತ್ತಿಂದಿತ್ತ ನಡೆದ. “ಹಂಗಾದ್ರ ಸ್ವಲ್ಪ ದಿನ ನೀರಿನ ಸುದ್ದಿ ಬಿಡು. ಸಂತಿದು ಬರಿ, ಶೇಂಗಾ ಧಾರಣಿ ಬರಿ.”

“ನಿನ್ನೆನ ಕಳ್ಸೀನಿ. ಮಾಗಳದ್ದು.”

“ಏನೈತಿ ಮಾಗಳದಾಗ?”

“ಕೇರಿಗಂತ ಬೋರಿಂಗ್ ಬರಕೊಂಡು ಗೌಡನ ಕಣದಾಗ ಕೊರದಾರ.”

ಗಾದಿಲಿಂಗಪ್ಪನ ಕಾಲು ನಿಂತಿತು. ಪಾಲಣ್ಣ ಆಗ ತಲೆಯೆತ್ತಿದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. “ನೀನು ಬರಿಯಣ್ಣ. ಕೇರಿಗೆ ನೀರು ಬರ್ತೈತಿ ಅಂದ್ರ ಬರಿ. ನನಗೇನು, ಪಂಚರ್ ಹಾಕೋ ಕೆಲಸ ಎಲ್ಲಿಗೂ ಹೋಗಂಗಿಲ್ಲ.” ಹೇಳುವಾಗ ಅವನ ಬೆರಳು ಟ್ಯೂಬನ್ನು ಗಟ್ಟಿಯಾಗಿ ಹಿಸುಕಿತ್ತು. ಬೋಗುಣಿಯಿಂದ ಗುಳ್ಳೆಗಳು ಸಾಲಾಗಿ ಎದ್ದವು.

ಎರಡು ದಿನದ ಮೇಲೆ ಸುದ್ದಿ ಬಂತು. ಈ ಸಲ ಪಾಲಣ್ಣ ಹೇಳಿದವರ ಹೆಸರು ಹಾಕಿ ಬರೆದಿದ್ದ: ಮಾಗಳದ ಕೇರಿಯ ಹುಲುಗಮ್ಮ ಎಂಬ ಹೆಣ್ಣುಮಗಳು ಹೊಳೆಯ ಮರಳಲ್ಲಿ ಒರತೆ ತೋಡಿ ನೀರು ತರುತ್ತಾಳೆ, ಅವಳ ಕೇರಿಯ ಹೆಸರಿನ ಬೋರಿಂಗ್ ದೊಡ್ಡವರ ಕಣದಲ್ಲಿ ಬೇಲಿಯೊಳಗಿದೆ. ಬೆನಕಪ್ಪನವರು ಮೊದಲ ಸಲ ನಶ್ಯದ ಡಬ್ಬಿ ಮುಚ್ಚಿಟ್ಟು ಮಾತಾಡಿದರು.

“ಕೊರೆಯೋ ಲಾರಿ ಆ ಕೇರಿ ಸಂದಿಯೊಳಗೆ ಹೋಗಲಿಲ್ಲ ಗಾದಿಲಿಂಗಪ್ಪಾರೆ. ಡ್ರೈವರ್ ಕಣ ಕಂಡ, ಅಲ್ಲೇ ನಿಲ್ಲಿಸಿದ. ನಮ್ಮೋರು ಕೇರಿ ಅಂತ ಬರಕೊಂಡ್ರು. ಆಗಿದ್ದು ಇಷ್ಟೇ. ಆದ್ರೆ ಮೇಲೆ ಯಾರು ಕೇಳ್ತಾರೆ ಇದನ್ನ? ವಾರದೊಳಗೆ ಜಿಲ್ಲಾ ಮೀಟಿಂಗ್ ಐತೆ.”

“ಈಗೇನು ಮಾಡ್ತೀರಿ?”

“ನಿಮ್ಮ ಪದ್ಧತಿನೇ ಮಾಡನ. ಪೈರು ಕೊಯ್ದಾಗೈತಲ್ಲ, ಹೊಲದ ಮೇಲೆ ಹೊಳೆ ಕಡೆಯಿಂದ ಲಾರಿ ಕಳಿಸ್ತೀನಿ. ಕೇರಿಯೊಳಗೇ ಕೊರೀಲಿ. ನೀರು ಬಂದಮೇಲೆ, ಬೋರಿಂಗ್ ಮೊದಲಿಂದ ಅಲ್ಲೇ ಐತೆ, ಹುಲುಗಮ್ಮ ಅನ್ನೋರು ಯಾರೂ ದೂರಿಲ್ಲ ಅಂತ ಬರೀರಿ. ಬರೀತೀನಿ ಅಂದ್ರೆ ನಾಳೆನೇ ಲಾರಿ. ಇಲ್ಲಾಂದ್ರೆ ಈ ವರ್ಷದ ಪಟ್ಟಿ ಮುಗಿದೈತೆ, ಮುಂದಿನ ವರ್ಷಕ್ಕೆ ನೋಡನ.”

“ಮೊದಲು ನೀರು ಬರ್ಲಿ. ಆಮ್ಯಾಲೆ ಬರೀತೀನಿ,” ಎಂದ ಗಾದಿಲಿಂಗಪ್ಪ. ಇಷ್ಟು ವರ್ಷ ಹೇಳಿದ ಮಾತೇ.

ಮರುದಿನ ಜೀಪು ಕಾಯದೆ ಬಸ್ಸು ಹತ್ತಿದ. ಹಡಗಲಿಯಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯುವಾಗ ಮಲ್ಲಿಗೆಯ ಬುಟ್ಟಿಗಳು ಬಸ್ಸಿನ ಮೇಲೇರುತ್ತಿದ್ದವು. ಒದ್ದೆ ಬಟ್ಟೆಯ ಕೆಳಗಿನ ಆ ವಾಸನೆ ನಿಲ್ದಾಣದ ತುಂಬ ಹರಡಿತ್ತು. ಒಂದು ಕಡೆ ನೀರು, ಒಂದು ಕಡೆ ಪಾಲಣ್ಣ. ಎಷ್ಟು ಸಲ ತಿರುಗಿಸಿ ನೋಡಿದರೂ ತಕ್ಕಡಿಯ ಒಂದು ತಟ್ಟೆ ನೆಲಕ್ಕೆ ಬಡಿಯುತ್ತಲೇ ಇತ್ತು. ಒಬ್ಬನ ಹೆಸರಿಗಿಂತ ಒಂದು ಕೇರಿಯ ನೀರು ದೊಡ್ಡದು ಎಂದುಕೊಂಡ. ಹಾಗೆಂದುಕೊಂಡಾಗ ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ಮಾಗಳದ ಕೇರಿಯಲ್ಲಿ ಲಾರಿಯ ಗಡಗಡಕ್ಕೆ ಮನೆಯ ಗಡಿಗೆಗಳು ಅಲುಗುತ್ತಿದ್ದವು. ಬಿಳಿ ಧೂಳು ಎದ್ದು ಬೇವಿನ ಮರ ಬೆಳ್ಳಗಾಗಿತ್ತು. ಹುಲುಗಮ್ಮ ಅವನು ಅಂದುಕೊಂಡಂತೆ ಮುದುಕಿಯಲ್ಲ. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಗೋಡೆಯ ಮೇಲೆ ಅಂಬೇಡ್ಕರರ ಚಿತ್ರದ ಪಕ್ಕದಲ್ಲಿ ಪತ್ರಿಕೆಯ ಆ ತುಂಡನ್ನು ಅನ್ನದ ಅಂಟಿನಿಂದ ಹಚ್ಚಿದ್ದಳು.

“ನೀವೇನ್ರಿ ಪೇಪರಿನ ಸಾಹೇಬ್ರು? ಬರ್ರಿ, ಕುಂದರ್ರಿ. ನಿಂದರಬ್ಯಾಡ್ರಿ, ನಮ್ಮ ಮನ್ಯಾಗ ಕುಂತ್ರೇನೂ ಆಗಂಗಿಲ್ಲ.”

“ಅದಕ್ಕಲ್ಲಬೇ. ನನಗ ಎಲ್ಲೂ ಕುಂದರಾಕ ಬರಂಗಿಲ್ಲ.” ಹಾಗೆಂದರೂ ಅವನು ಕಂಬಳಿಯ ಮೇಲೆ ಕುಳಿತ. ಕುಳಿತದ್ದು ಅವನಿಗೇ ಹೊಸದೆನಿಸಿತು. ಸುತ್ತಿ ಬಳಸಿ ಹೇಳಲಾರದೆ ನೇರವಾಗಿ ಹೇಳಿಬಿಟ್ಟ: ನೀರು ಬರುತ್ತದೆ, ಬಂದಮೇಲೆ ತಾನು ಆ ಸುದ್ದಿ ಸುಳ್ಳೆಂದು ಬರೆಯಬೇಕು, ಆಫೀಸಿನ ಕರಾರು ಹಾಗಿದೆ.

ಹುಲುಗಮ್ಮ ಲಾರಿಯ ಕಡೆ ನೋಡುತ್ತಲೇ ಕೇಳಿದಳು. “ಸೈಕಲ್ ಮ್ಯಾಲೆ ಬಂದಿದ್ನಲ್ರಿ ಆ ತಮ್ಮ, ಅವ ಏನು ಸುಳ್ಳ ಬರದ?”

“ಏನೂ ಇಲ್ಲ.”

“ಮತ್ತ?”

“ನೀರು ಬೇಕಲ್ಲಬೇ ನಿಮಗ.”

“ಬೇಕ್ರಿ. ನೀರು ಬ್ಯಾಡ ಅನ್ನೋ ಸೊಕ್ಕು ನನಗಿಲ್ಲ.” ಅವಳು ಸೆರಗಿನಿಂದ ಮುಖದ ಧೂಳೊರೆಸಿಕೊಂಡಳು. “ಆದ್ರ ಅವ ಕೇಳಿದಾಗ, ಹೆಸರು ಹಾಕ್ಲೇನಬೇ, ಗೌಡ್ರು ಬೈದಾರು ಅಂದ. ಹಾಕಪ ಅಂದೆ. ಬೈದ್ರು. ನನ್ನ ಗಂಡನ್ನ ಕೂಲಿಗೆ ಕರಿಯೋದು ಬಿಟ್ಟಾರ. ಈಗ ನೀವು ಅವನ್ನ ಸುಳ್ಳ ಮಾಡಿದ್ರ, ಹೇಳ್ದಾಕಿ ನಾನೂ ಸುಳ್ಳ ಆದ್ನಿಲ್ರಿ? ಹುಲುಗಮ್ಮ ಸುಳ್ಳ ಹೇಳಿ ಬೋರಿಂಗ್ ಹಾಕಿಸ್ಕೊಂಡ್ಳು ಅಂತಾರ. ಆ ನೀರು ಕುಡಿಯೋವಾಗೆಲ್ಲ ಅಂತಾರ.”

ಉಜ್ಜಿನಿ ಕಡೆ, ತಂಬ್ರಹಳ್ಳಿ ಕಡೆ, ತಾನು ಅಲ್ಲಗಳೆದ ಒಂದೊಂದು ಸುದ್ದಿಯ ಹಿಂದೆಯೂ ಬಾಯಿಬಿಟ್ಟು ಹೇಳಿದವರೊಬ್ಬರು ಇದ್ದಿರಬೇಕೆಂದು ಗಾದಿಲಿಂಗಪ್ಪನಿಗೆ ಹೊಳೆದದ್ದೇ ಆಗ.

ಹೊತ್ತು ಇಳಿಯುವಾಗ ನೀರು ಚಿಮ್ಮಿತು. ಕೇರಿಯ ಜನ ಕೂಗಿದರು. ಹುಲುಗಮ್ಮ ಕೂಗಲಿಲ್ಲ, ಕೊಡ ತರಲು ಒಳಗೆ ಹೋದಳು. ಪಂಪು ಕೂರಿಸಿ, ಹಿಡಿಕೆ ಹಾಕಿ, ಮಿಸ್ತ್ರಿ ಹೊರಡುವವರೆಗೂ ಗಾದಿಲಿಂಗಪ್ಪ ಹಡಗಲಿಯಲ್ಲೇ ಉಳಿದುಕೊಂಡು ಮರುದಿನವೂ ಬಂದು ನೋಡಿದ. ನೀರು ನಿಂತಿರಲಿಲ್ಲ.

ಕೊಟ್ಟೂರಿಗೆ ಬಂದವನು ಯಾರಿಗೂ ತೋರಿಸದೆ ಸ್ಟೆನ್ಸಿಲ್ ಹಾಳೆಯ ಮೇಲೆ ಬರೆದ. ಎರ್ರೆಪ್ಪ ಪ್ರತಿ ತೆಗೆಯುವ ಸೈಕ್ಲೋಸ್ಟೈಲ್ ಯಂತ್ರದ ಹಿಡಿಕೆ ತಿರುಗಿಸುತ್ತ, ಮಸಿ ಆರದ ಮೊದಲ ಪ್ರತಿಯನ್ನು ಅಕ್ಷರ ಕೂಡಿಸಿ ಓದಿಕೊಂಡ. ತಿರುಗಿಸುವುದನ್ನು ನಿಲ್ಲಿಸಿದ.

“ಸರ, ಇದು ಕೆಲಸ ತಿಂತೈತಿ.”

“ತಿರುಗಿಸು.”

“ನಿಮ್ಮದಲ್ರಿ, ನನ್ನದು.”

“ನಿನಗ ಓದಾಕ ಬರಂಗಿಲ್ಲ ಅಂತ ಹೇಳ್ತೀನಿ. ತಿರುಗಿಸಲೇ.”

ಎಲ್ಲ ಪತ್ರಿಕೆಗಳ ಲಕೋಟೆಗಳನ್ನೂ ಅಂಟಿಸಿ ಆದಮೇಲೆ, ಉಳಿದ ಒಂದು ಪ್ರತಿಯನ್ನು ಅವನೇ ಬೆನಕಪ್ಪನವರ ಮುಂದಿಟ್ಟ. ಮೀಟಿಂಗ್ ಮರುದಿನವಿತ್ತು. ಅವರು ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿಯೇ ಓದಿದರು:

“‘ಮಾಗಳ ಗ್ರಾಮದ ಕೇರಿಗೆ ಬೋರಿಂಗ್ ಇರಲಿಲ್ಲವೆಂದು ಪ್ರಕಟವಾದ ವರದಿ ಸತ್ಯ. ಹುಲುಗಮ್ಮ ಎಂಬವರು ಹೇಳಿದ್ದೂ ಸತ್ಯ. ವರದಿ ಬಂದ ನಂತರ ಈ ಕಚೇರಿ ಕೇರಿಯಲ್ಲಿ ಬೋರಿಂಗ್ ಕೊರೆಸಿದೆ. ಇದೇ ಬಾತ್ಮೀದಾರರ ಹಿಂದಿನ ವರದಿಗಳೂ, ಅವರು ಬರೆದ ದಿನ, ಸತ್ಯವೇ ಆಗಿದ್ದವು.’” ಕನ್ನಡಕ ತೆಗೆದರು. “ಇದೇನ್ರಿ, ತಮಾಷೇನಾ?”

“ಇಲ್ರಿ. ನೀರು ಬಂದಮೇಲೆ ಬರೀತೀನಿ ಅಂದಿದ್ದೆ. ಬರದೀನಿ.”

“ನನ್ನ ಕೈಲಿ ಬೋರಿಂಗ್ ಹಾಕಿಸ್ಕೊಂಡು ನನ್ನೇ ಬಾವಿಗೆ ತಳ್ಳಿದೆಯಲ್ಲಪ್ಪ ನೀನು.” ಅವರು ಮೊದಲ ಸಲ ಬಹುವಚನ ಬಿಟ್ಟಿದ್ದರು. ದನಿ ಮಾತ್ರ ಏರಲಿಲ್ಲ. “ಪಾಲಣ್ಣನ ಕೆಲಸ ಹೋಗಂಗಾಗೈತೆ ಅಂತ ಊರೆಲ್ಲ ಮಾತಾಡ್ತತೆ. ನೀನೇ ಬಂದು ನಂಗೆ ಮೊದಲೇ ಹೇಳಿದ್ರೆ ಬೇರೆ ಏನಾದ್ರೂ ಮಾಡ್ತಿದ್ದೆ. ಇಲ್ಲೇ ಒಂದು ಗುಮಾಸ್ತೆ ಕೆಲಸ ಕೊಡಿಸ್ತಿದ್ದೆ.”

“ಅವನಿಗೆ ಕೆಲಸ ಬೇಕಾಗಿಲ್ರಿ. ಅವ ಸುಳ್ಳ ಬರದಿಲ್ಲ ಅಂತ ಅಚ್ಚಾಗಬೇಕು, ಅಷ್ಟ.”

“ಆಗ್ಲಪ್ಪ. ಅವನೊಬ್ಬ ಉಳೀತಾನೆ. ಆಮೇಲೆ? ನಾವು ಇಷ್ಟು ದಿನ ಯಾಕೆ ಓಡ್ತಿದ್ವಿ ಹೇಳು. ಸುದ್ದೀನ ಸುಳ್ಳು ಮಾಡಾಕೆ ಓಡ್ತಿದ್ವಿ. ನಿಜ ಅಂತ ಒಪ್ಕೊಳಾಕೆ ಯಾವ ಇಂಜಿನಿಯರು ಜೀಪು ಹತ್ತುತಾನೆ? ನಾಳೆ ಎಲ್ಲೋ ಬೋರಿಂಗ್ ಕೆಡ್ತತೆ. ಕೆಟ್ಟಂಗೇ ಇರ್ತತೆ. ಆ ಊರೋರಿಗೆ ನೀನೇ ಹೋಗಿ ಹೇಳ್ತೀಯಾ?”

ಬಸ್ಸಿನಲ್ಲಿ ಬರುವಾಗ ಗಾದಿಲಿಂಗಪ್ಪ ಪೂರ್ತಿ ದಾರಿ ಇದನ್ನೇ ಕೇಳಿಕೊಂಡು ಬಂದಿದ್ದ. ಬೆನಕಪ್ಪನವರು ಹೇಳಿದ್ದು ಸುಳ್ಳಾಗಿದ್ದರೆ ಸುಲಭವಿತ್ತು.

“ನೋಡು,” ಎಂದು ಅವರು ಹಾಳೆಯನ್ನು ಅವನ ಕಡೆ ತಿರುಗಿಸಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. “ಮಾಗಳದ್ದು ಬೇಕಾದ್ರೆ ಇರ್ಲಿ, ಲಾರಿ ಡ್ರೈವರ್ ತಪ್ಪು ಅಂತ ಹೆಂಗೋ ಸಾವರಿಸ್ತೀನಿ. ಈ ಹಿಂದಿನ ವರದಿಗಳು ಅನ್ನೋದೊಂದು ಸಾಲು ಹೊಡೆದುಹಾಕು. ಇನ್ನೊಂದ್ಸಲ ಸ್ಟೆನ್ಸಿಲ್ ಕೊಯ್ದರಾಯ್ತು. ಅವನೂ ಉಳೀತಾನೆ, ನೀನೂ ಉಳೀತೀಯ, ನಂಗೂ ಮೀಟಿಂಗಿನಾಗೆ ಮುಖ ಇರ್ತತೆ. ಏನಂತೀಯಾ? ಸಾಯಂಕಾಲದ ಬಸ್ಸಿಗೆ ಕಳಿಸಿದ್ರಾಯ್ತು, ಅವಸರ ಏನೈತೆ—”

ಗಾದಿಲಿಂಗಪ್ಪ ಲಕೋಟೆಗಳ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡ.

“ನಾನು ಹೇಳಾದು ಮುಗಿದಿಲ್ಲ ಕಣಪ್ಪ. ನಿನ್ನ ಹೆಂಡ್ತಿ ಮನೇಲಿ ಏನಂತಾರೆ ಅಂತನಾದ್ರೂ ಯೋಚನೆ ಮಾಡಿದೀಯಾ? ಆ ಪಾಲಣ್ಣನೇ ನಿಂಗೆ ಬ್ಯಾಡ ಅಂತಾನೆ, ಬೇಕಾದ್ರೆ ಕರೆಸಿ ಕೇಳು. ಕರೆಸ್ಲಾ? ಗಾದಿಲಿಂಗಪ್ಪ...”

ಅವನು ಆಗಲೇ ಪಡಸಾಲೆ ದಾಟಿದ್ದ. ಮೆಟ್ಟಿಲ ಬಳಿ ಚಪ್ಪಲಿ ಮೆಟ್ಟಿಕೊಂಡು, ಬಿಸಿಲಲ್ಲಿ ಬಸ್ ನಿಲ್ದಾಣದ ದಾರಿ ಹಿಡಿದ.